ಹಳೆಯ ಅಲಂಕಾರಿಕ ಮಿಲ್ಲಿಂಗ್ ಯಂತ್ರ: ಆರಿಸುವುದು, ದುರಸ್ತಿ ಮಾಡುವುದು, ಮಾರ್ಪಡಿಸುವುದು

ಮರದಲ್ಲಿ ಸುರುಳಿ ಕಂಬ, ತೋಡು ಕೊರೆದ ಮೇಜಿನ ಕಾಲು, ಹೆಣೆದಂತೆ ಕಾಣುವ ಕಟಾಂಜನದ ಕಡ್ಡಿಗಳನ್ನು ಮಾಡುವ ಯಂತ್ರವಿದು. ಇಂಥ ಯಂತ್ರವನ್ನು ಬಳಸಿದ ಸ್ಥಿತಿಯಲ್ಲಿ ಕೊಂಡವರಿಂದ ಒಂದೇ ದೂರು ಮತ್ತೆ ಮತ್ತೆ ಬರುತ್ತದೆ. ಬಿಚ್ಚಿ ಒರೆಸಿದ್ದಾಯಿತು, ಬಣ್ಣ ಬಳಿದದ್ದಾಯಿತು, ಹೊಸ ರೌಟರ್ (ಮರ ಕೊರೆಯುವ ಬಿಟ್ಟನ್ನು, ಅಂದರೆ ಅಲಗನ್ನು, ಅತಿವೇಗವಾಗಿ ತಿರುಗಿಸುವ ಮೋಟರು) ಕೂರಿಸಿದ್ದಾಯಿತು. ಆದರೂ ಎರಡನೆಯ ಸಲ ಹಾಯಿಸಿದ ಬಿಟ್ ಮೊದಲ ತೋಡಿನಲ್ಲಿ ಕೂರುವುದಿಲ್ಲ. ಕಂಬದ ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ನಾಲ್ಕು ಎಳೆಯ ಸುರುಳಿಯಲ್ಲಿ ಒಂದು ಎಳೆ ಮಾತ್ರ ಬಡಕಲು.

ಹೆಚ್ಚಿನವರಲ್ಲಿ ಕೈಚಳಕಕ್ಕೆ ಕೊರತೆಯಿಲ್ಲ, ಕೆಲಸದ ಕ್ರಮ ತಪ್ಪಿರುತ್ತದೆ. ಈ ಯಂತ್ರದ ಜೀವ ಇರುವುದು ಒಂದು ಲೆಕ್ಕದಲ್ಲಿ: ಮರ ಒಂದು ಸುತ್ತು ತಿರುಗಿದರೆ ರೌಟರ್ ಇಷ್ಟೇ ದೂರ ಸರಿಯಬೇಕು, ಪ್ರತಿ ಸಲವೂ ಅಷ್ಟೇ ಸರಿಯಬೇಕು. ಈ ದೂರವನ್ನು ಲೀಡ್ ಎನ್ನುತ್ತಾರೆ. ಲೀಡನ್ನು ಕಾಯುವ ಭಾಗಗಳನ್ನು ಮೊದಲು ಸರಿಪಡಿಸಬೇಕು. ಬಣ್ಣ, ಮೋಟರ್, ಹೊಸ ಸೌಕರ್ಯಗಳ ಸರದಿ ಆಮೇಲೆ. ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲಿಯೇ ಮಾಡಿ.

ಬೇಕಾಗುವ ಸಾಧನಗಳು

ಆಯಸ್ಕಾಂತದ ಪೀಠವಿರುವ ಡಯಲ್ ಗೇಜ್, ವರ್ನಿಯರ್ ಕ್ಯಾಲಿಪರ್, ಫೀಲರ್ ಗೇಜ್, ನೇರವಾದ ಉಕ್ಕಿನ ಪಟ್ಟಿ, ಮೂಲೆಮಟ್ಟ, ರಸಮಟ್ಟ. ಅಲೆನ್ ಕೀ ಮತ್ತು ಸ್ಪ್ಯಾನರುಗಳು ಇಂಚು, ಮಿಲಿಮೀಟರ್ ಎರಡೂ ಅಳತೆಯಲ್ಲಿ ಇರಲಿ. ಇಂಚಿನ ತಿರುಪಿಗೆ ಹತ್ತಿರದ ಮಿಲಿಮೀಟರ್ ಕೀ ಹಾಕಿ ಒತ್ತಾಯಿಸಿದರೆ ತಲೆ ಸವೆದುಹೋಗುತ್ತದೆ, ಅಲ್ಲಿಗೆ ಅರ್ಧ ದಿನ ವ್ಯರ್ಥ. ಜೊತೆಗೆ ಹಿತ್ತಾಳೆಯ ಬ್ರಷ್, ಸೀಮೆಎಣ್ಣೆ, ತುಕ್ಕು ಹಿಡಿದ ತಿರುಪಿಗೆ ಇಳಿಯುವ ತೆಳು ಎಣ್ಣೆ, ಮಧ್ಯಮ ಬಲದ ಥ್ರೆಡ್ ಲಾಕರ್ (ತಿರುಪು ಸಡಿಲವಾಗದಂತೆ ಹಿಡಿಯುವ ಅಂಟು), ಮೇಣ.

ಇವಲ್ಲದೆ ಒಂದು ಪರೀಕ್ಷಾ ಸರಳು ಬೇಕೇ ಬೇಕು. 20 ಅಥವಾ 25 ಮಿ.ಮೀ. ವ್ಯಾಸದ, ಗ್ರೈಂಡ್ ಮಾಡಿದ ನೇರ ಉಕ್ಕಿನ ಸರಳಿನ ಎರಡೂ ತುದಿಗೆ ಲೇಥ್‌ನಲ್ಲಿ ಕೇಂದ್ರದ ಗುಳಿ ಹಾಕಿಸಿಕೊಳ್ಳಿ. ಈ ಸರಳು ಇಲ್ಲದೆ ಐದನೆಯ ಹಂತವನ್ನು ಮಾಡಲಾಗದು.

ಹಂತ 1: ಯಾವ ಬಗೆಯ ಯಂತ್ರ ಎಂದು ಗುರುತಿಸಿ

ಬಳಸಿದ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಕೇಬಲ್ ಬಗೆ. ತಿರುಗುವ ತಲೆಯಲ್ಲಿನ ಡ್ರಮ್ಮಿಗೆ ಸುತ್ತಿದ ಉಕ್ಕಿನ ಕೇಬಲ್ಲು ರೌಟರ್ ಕೂರುವ ಕ್ಯಾರೇಜನ್ನು ಎಳೆಯುತ್ತದೆ. ಸಿಯರ್ಸ್ ಕಂಪನಿಯ ಕ್ರಾಫ್ಟ್ಸ್‌ಮನ್ ರೌಟರ್ ಕ್ರಾಫ್ಟರ್ ಈ ಬಗೆಯದು. ಎರಡನೆಯದು ಲೀಡ್ ಸ್ಕ್ರೂ ಬಗೆ. ಇಲ್ಲಿ ಗೇರುಗಳು ಉದ್ದನೆಯ ಸ್ಕ್ರೂ ಒಂದನ್ನು ತಿರುಗಿಸುತ್ತವೆ, ಸ್ಕ್ರೂ ಕ್ಯಾರೇಜನ್ನು ನಡೆಸುತ್ತದೆ. ಲೆಗಸಿ ಆರ್ನಮೆಂಟಲ್ ಮಿಲ್‌ಗಳು ಈ ಜಾತಿ.

ಕೇಬಲ್ ಯಂತ್ರ ಹಗುರ, ಸರಳ. ಚಿಕ್ಕ ಕಂಬಗಳಿಗೆ ಸಾಕು. ಅದರಿಂದ ಗಟ್ಟಿ ಮರದ ಭಾರಿ ಕಾಲುಗಳನ್ನು ಬಯಸುವುದು ಸರಿಯಲ್ಲ. ಸ್ಕ್ರೂ ಯಂತ್ರದಲ್ಲಿ ಲೀಡ್ ಬದಲಿಸಲು ಗೇರುಗಳ ಸೆಟ್ ಬೇಕು, ಆ ಸೆಟ್ ಪೂರ್ತಿ ಇದ್ದರಷ್ಟೇ ಯಂತ್ರ ಪೂರ್ತಿ. ಮೊದಲ ಯಂತ್ರವಾಗಿ ಕೊಳ್ಳುವವರಿಗೆ ನನ್ನ ಸಲಹೆ ಸ್ಕ್ರೂ ಬಗೆಯದೇ, ಅದರಲ್ಲೂ ಗೇರು ಪೂರ್ತಿ ಇರುವುದು. ಹೊರಗಿನ ಬಣ್ಣ ಎಷ್ಟು ಕೆಟ್ಟಿದ್ದರೂ ಪರವಾಗಿಲ್ಲ.

ಹಂತ 2: ಕೊಳ್ಳುವ ಮುನ್ನ ನೋಡಬೇಕಾದದ್ದು

ಹೊಳಪು ನೋಡಿ ಬೆಲೆ ಕಟ್ಟಬೇಡಿ, ಏನೇನು ಕಾಣೆಯಾಗಿದೆ ಎಂದು ಎಣಿಸಿ. ಹಳೆಯ ಯಂತ್ರಗಳಲ್ಲಿ ಕಳೆದುಹೋಗುವುದು ಸಣ್ಣ ವಸ್ತುಗಳೇ: ಬದಲಿ ಗೇರುಗಳು, ಇಂಡೆಕ್ಸ್ ಪಿನ್ನು (ಸುತ್ತನ್ನು ಸಮಭಾಗ ಮಾಡಿ ಮರವನ್ನು ನಿಲ್ಲಿಸುವ ಮೊಳೆ), ಟೇಲ್‌ಸ್ಟಾಕಿನ (ಮರದ ಇನ್ನೊಂದು ತುದಿಗೆ ಆಸರೆ ಕೊಡುವ ಭಾಗದ) ಮೊನೆ, ಟೆಂಪ್ಲೇಟ್ (ಆಕಾರದ ಮಾದರಿ ಹಲಗೆ) ಹಿಡಿಯುವ ಕಂಬಿ, ಗೇರು ಜೋಡಣೆಯ ಪಟ್ಟಿ ಇರುವ ಕೈಪಿಡಿ. ಕೈಪಿಡಿ ಸಿಕ್ಕಿದರೆ ಅದೇ ಕ್ಷಣ ಪುಟಪುಟವೂ ಫೋಟೋ ತೆಗೆದಿಡಿ.

ಬಳಿಕ ಹಿಡಿಕೆಯನ್ನು ತಿರುಗಿಸಿ ಕ್ಯಾರೇಜನ್ನು ಈ ತುದಿಯಿಂದ ಆ ತುದಿಗೆ ನಡೆಸಿ. ಇಡೀ ಉದ್ದಕ್ಕೂ ಒಂದೇ ಸಮನಾದ ಬಿಗಿ ಇದ್ದರೆ ಒಳ್ಳೆಯದು, ಸ್ವಲ್ಪ ಜಡವಾಗಿದ್ದರೂ ಚಿಂತೆಯಿಲ್ಲ. ನಡುವೆ ಹಗುರಾಗಿ ತುದಿಗಳಲ್ಲಿ ಬಿಗಿಯಾದರೆ ಸ್ಕ್ರೂ ಸವೆದಿದೆ ಎಂದರ್ಥ. ಹೆಚ್ಚು ಓಡಾಟ ನಡೆದ ಭಾಗ ತೆಳುವಾಗಿರುತ್ತದೆ. ಅಲ್ಲಿನ ಸಡಿಲಕ್ಕೆ ಹೊಂದಿಸಿ, ಸ್ಕ್ರೂವಿನ ಮೇಲೆ ಓಡಿ ಕ್ಯಾರೇಜನ್ನು ನಡೆಸುವ ನಟ್ಟನ್ನು ಬಿಗಿ ಮಾಡಿದರೆ ತುದಿಗೆ ಬಂದಾಗ ಕಚ್ಚಿಕೊಳ್ಳುತ್ತದೆ. ಇಂಥ ಯಂತ್ರ ಕೊಳ್ಳುವುದಾದರೆ ಹೊಸ ಸ್ಕ್ರೂವಿನ ಖರ್ಚನ್ನೂ ಸೇರಿಸಿಯೇ ಮಾತಾಡಿ.

ಎಚ್ಚರಿಕೆಯ ಚಿಹ್ನೆಗಳಲ್ಲಿ ಅತಿ ಗಂಭೀರವಾದದ್ದು ಎರಕದ ಭಾಗಗಳಲ್ಲಿದೆ. ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದ ಹಳೆಯ ಭಾಗಗಳಲ್ಲಿ ಜೇಡರ ಬಲೆಯಂಥ ನವಿರು ಬಿರುಕು, ಮೇಲ್ಮೈ ಉಬ್ಬು, ಮೂಲೆಯಲ್ಲಿ ಉದುರುವ ಬೂದುಬಣ್ಣದ ಪುಡಿ ಕಂಡರೆ ಲೋಹ ಒಳಗಿನಿಂದಲೇ ಒಡೆಯುತ್ತಿದೆ. ಇದಕ್ಕೆ ಮದ್ದಿಲ್ಲ, ಬೆಸುಗೆ ನಿಲ್ಲದು, ಅಂಟು ಹಿಡಿಯದು. ಬಿರುಕು ಬಿಟ್ಟದ್ದು ಹೆಡ್‌ಸ್ಟಾಕ್ (ಮರವನ್ನು ತಿರುಗಿಸುವ ತಲೆ) ಆಗಿದ್ದರೆ ಆ ಯಂತ್ರವನ್ನು ಬಿಡಿಭಾಗಗಳಿಗಷ್ಟೇ ಕೊಳ್ಳಿ.

ಒಂದೇ ಮಾದರಿಯ ಎರಡು ಹಾಳು ಯಂತ್ರಗಳು ಒಟ್ಟಿಗೆ ಸಿಕ್ಕಿದರೆ ಬಿಡಬೇಡಿ. ಎರಡು ಸೇರಿ ಒಂದು ಒಳ್ಳೆಯ ಯಂತ್ರವಾಗುತ್ತದೆ, ಉಳಿದದ್ದು ಮುಂದೆ ಎಂದೋ ಬೇಕಾಗುವ ಬಿಡಿಭಾಗ.

ಹಂತ 3: ಬಿಚ್ಚುವ ಮುನ್ನ ಅಳೆಯಿರಿ

ಮನೆಗೆ ತಂದ ಕೂಡಲೇ ಸ್ಪ್ಯಾನರ್ ಹಿಡಿಯಬೇಡಿ. ಕ್ಯಾರೇಜು ಓಡುವ ಹಳಿಗಳ ನಡುವಿನ ಅಂತರವನ್ನು ಎರಡು ತುದಿಯಲ್ಲೂ ನಡುವೆಯೂ ಅಳೆದು ಬರೆದಿಡಿ. ಗೇರುಗಳ ಹಲ್ಲು ಎಣಿಸಿ, ಯಾವುದು ಯಾವ ಕಡೆ ಮುಖ ಮಾಡಿತ್ತು ಎಂದು ಫೋಟೋ ತೆಗೆಯಿರಿ. ತೆಳುವಾದ ಲೋಹದ ತುಂಡು ಎಲ್ಲಾದರೂ ಕಂಡರೆ ಅದನ್ನು ಕಸವೆಂದು ಬಿಸಾಡಬೇಡಿ. ಕಾರ್ಖಾನೆಯಲ್ಲಿ ಮಟ್ಟ ಹೊಂದಿಸಲು ಇಟ್ಟ ತುಂಡದು. ಅದು ಕಳೆದರೆ ಐದನೆಯ ಹಂತದಲ್ಲಿ ಅದನ್ನೇ ಮತ್ತೆ ಕಂಡುಹಿಡಿಯಬೇಕಾಗುತ್ತದೆ.

ಒಂದೊಂದು ಜೋಡಣೆಯ ತಿರುಪುಗಳನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ ಹೆಸರು ಬರೆಯಿರಿ. ಬೇರಿಂಗುಗಳನ್ನು ತೆಗೆದಾಗ ಅವುಗಳ ಮೇಲಿನ ಸಂಖ್ಯೆ ನೋಡಿ. 608 ಎಂದಿದ್ದರೆ ಒಳವ್ಯಾಸ 8, ಹೊರವ್ಯಾಸ 22, ದಪ್ಪ 7 ಮಿ.ಮೀ. R8 ಎಂದಿದ್ದರೆ ಅದು ಇಂಚಿನ ಅಳತೆ, ಒಳವ್ಯಾಸ ಅರ್ಧ ಇಂಚು, ಅಂದರೆ 12.7 ಮಿ.ಮೀ. ಅದರ ಬದಲಿಗೆ 12 ಮಿ.ಮೀ. ಬೇರಿಂಗ್ ಹಾಕಲು ದಂಡವನ್ನು ಅರೆದು ಸಣ್ಣ ಮಾಡುವವರಿದ್ದಾರೆ, ಹಾಗೆ ಮಾಡಬೇಡಿ. ಸರಿಯಾದ ಬೇರಿಂಗ್ ಸಿಗುವ ತನಕ ಕಾಯುವುದು ಮೇಲು.

ಹಂತ 4: ತುಕ್ಕು ಮತ್ತು ಜಿಡ್ಡು

ಮೊದಲು ಸೀಮೆಎಣ್ಣೆ ಮತ್ತು ಬ್ರಷ್ಷಿನಿಂದ ಜಿಡ್ಡು ಬಿಡಿಸಿ. ಗ್ರೀಸಿನೊಂದಿಗೆ ಕಲೆತ ಮರದ ಪುಡಿ ಗೇರಿನ ಹಲ್ಲುಗಳ ಬುಡದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಮೊನಚಾದ ಬಿದಿರುಕಡ್ಡಿಯಿಂದ ಒಂದೊಂದೇ ಸಂದನ್ನು ಬಿಡಿಸಬೇಕು. ಅವಸರದಲ್ಲಿ ಒಂದು ಸಂದು ಉಳಿದರೂ ಆ ಹಲ್ಲು ಬಂದಾಗಲೆಲ್ಲ ಗೇರು ಎತ್ತಿ ಕುಕ್ಕುತ್ತದೆ, ಮರದ ಮೇಲೆ ಅದೇ ಜಾಗದಲ್ಲಿ ಗೆರೆ ಮೂಡುತ್ತದೆ.

ಉಕ್ಕಿನ ಭಾಗಗಳ ತುಕ್ಕಿಗೆ ವಾಷಿಂಗ್ ಸೋಡಾ ನೀರಿನಲ್ಲಿ ವಿದ್ಯುತ್ ಹರಿಸುವ ವಿಧಾನ ಒಳ್ಳೆಯದು. ತುಕ್ಕು ಹಿಡಿದ ಭಾಗವನ್ನು ಬ್ಯಾಟರಿ ಚಾರ್ಜರಿನ ಋಣ ತುದಿಗೆ, ಬೇಡವಾದ ಕಬ್ಬಿಣದ ತಗಡನ್ನು ಧನ ತುದಿಗೆ ಜೋಡಿಸಬೇಕು. ಇದರಿಂದ ಹೈಡ್ರೋಜನ್ ಅನಿಲ ಹೊರಬರುವುದರಿಂದ ಬಯಲಿನಲ್ಲೇ ಮಾಡಿ, ಹತ್ತಿರ ಬೆಂಕಿ ಬೇಡ. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲನ್ನು ಎಂದೂ ಹಾಕಬೇಡಿ, ವಿಷಕಾರಿ ಕ್ರೋಮಿಯಂ ನೀರಿಗೆ ಸೇರುತ್ತದೆ. ಅಲ್ಯೂಮಿನಿಯಂ ಮತ್ತು ಸತುವಿನ ಭಾಗಗಳನ್ನು ಈ ತೊಟ್ಟಿಗೆ ಇಳಿಸಿದರೆ ಸೋಡಾ ಅವನ್ನು ತಿಂದುಬಿಡುತ್ತದೆ. ಅವುಗಳಿಗೆ ಸಾಬೂನು ನೀರು, ಮೃದು ಬ್ರಷ್ ಸಾಕು.

ಲೀಡ್ ಸ್ಕ್ರೂ ಮತ್ತು ಹಳಿಗಳ ಮೇಲೆ ಉಪ್ಪುಕಾಗದ ಉಜ್ಜಬೇಡಿ. ಅಳತೆ ಇರುವ ಮೇಲ್ಮೈಗಳವು. ಎಣ್ಣೆ ಹಚ್ಚಿದ ಹಿತ್ತಾಳೆ ಬ್ರಷ್ಷಿನಿಂದ ತಿಕ್ಕಿ, ತುಕ್ಕು ಹೋದರೆ ಸಾಕು, ಕಲೆ ಉಳಿದರೆ ಉಳಿಯಲಿ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯಿದೆ. ಒಣ ಬಣ್ಣವನ್ನು ಉಜ್ಜಿ ಧೂಳೆಬ್ಬಿಸದೆ ಪರೀಕ್ಷೆ ಮಾಡಿ, ಬಣ್ಣ ಕರಗಿಸುವ ದ್ರವ ಬಳಸಿ. ಹೊಸ ಬಣ್ಣ ಬಳಿಯುವ ಆಸೆ ಇದ್ದರೂ ಒಂಬತ್ತನೆಯ ಹಂತ ಮುಗಿಯುವ ತನಕ ತಡೆಯಿರಿ.

ಹಂತ 5: ಹಳಿ, ಕೇಂದ್ರ, ರೌಟರಿನ ಅಕ್ಷ

ಕಂಬ ಒಂದು ಕಡೆ ದಪ್ಪವಾಗಿ ಬಂದರೆ ಕಾರಣ ಇಲ್ಲಿದೆ. ಯಂತ್ರವನ್ನು ಅಲುಗಾಡದ ಮೇಜಿನ ಮೇಲಿಟ್ಟು, ಎರಡು ಹಳಿಗಳ ಮೇಲೆ ಅಡ್ಡಲಾಗಿ ರಸಮಟ್ಟ ಇಟ್ಟು ಈ ತುದಿಯಿಂದ ಆ ತುದಿಗೆ ಸರಿಸುತ್ತ ಹೋಗಿ. ಗುಳ್ಳೆ ನಿಂತಲ್ಲೇ ನಿಲ್ಲಬೇಕು. ಗುಳ್ಳೆ ಮೆಲ್ಲಗೆ ಜಾರಿದರೆ ಚೌಕಟ್ಟು ತಿರುಚಿಕೊಂಡಿದೆ. ಬಹಳ ಸಲ ಚೌಕಟ್ಟು ನಿಜವಾಗಿ ಕೆಟ್ಟಿರುವುದಿಲ್ಲ. ಸಮವಲ್ಲದ ಮೇಜಿಗೆ ಬೋಲ್ಟ್ ಬಿಗಿದಾಗ ತಿರುಚಿರುತ್ತದೆ. ಬೋಲ್ಟ್ ಸಡಿಲಿಸಿ, ಕಾಲಡಿಗೆ ತೆಳು ತಗಡು ಕೊಟ್ಟು ಮತ್ತೆ ನೋಡಿ.

ಆಮೇಲೆ ಪರೀಕ್ಷಾ ಸರಳನ್ನು ಎರಡು ಕೇಂದ್ರಗಳ (ಮರವನ್ನು ಎರಡೂ ತುದಿಯಲ್ಲಿ ಹಿಡಿಯುವ ಮೊನೆಗಳ) ನಡುವೆ ಕೂರಿಸಿ, ಡಯಲ್ ಗೇಜನ್ನು ಕ್ಯಾರೇಜಿಗೆ ಬಿಗಿದು, ಅದರ ಮೊನೆಯನ್ನು ಸರಳಿನ ಮೇಲ್ಭಾಗಕ್ಕೆ ತಾಗಿಸಿ ನಡೆಸಿ. ಎರಡು ತುದಿಗಳ ಓದು ಒಂದೇ ಆಗುವ ತನಕ ಟೇಲ್‌ಸ್ಟಾಕನ್ನು ಏರಿಸಿ ಇಳಿಸಿ. ನಡುವಿನ ಓದನ್ನು ನೋಡಿ ಗಾಬರಿಯಾಗಬೇಡಿ: 25 ಮಿ.ಮೀ. ದಪ್ಪ, 1 ಮೀಟರ್ ಉದ್ದದ ಉಕ್ಕಿನ ಸರಳು ತನ್ನ ಭಾರಕ್ಕೇ ನಡುವೆ ಸುಮಾರು 0.13 ಮಿ.ಮೀ. ಬಾಗುತ್ತದೆ. ಗೇಜನ್ನು ಬದಿಗೆ ತಾಗಿಸಿ ಇದನ್ನೇ ಮತ್ತೆ ಮಾಡಿ. ಮೇಲ್ಭಾಗದಲ್ಲಿ ಎರಡು ತುದಿಗಳ ನಡುವೆ 0.2 ಮಿ.ಮೀ. ವ್ಯತ್ಯಾಸ ಉಳಿದರೆ ಕಂಬದ ವ್ಯಾಸದಲ್ಲಿ ಅದು 0.4 ಆಗುತ್ತದೆ, ಕೈಬೆರಳಿಗೆ ತಿಳಿಯುವಷ್ಟು. ನಾನು 0.1 ಮಿ.ಮೀ. ಒಳಗೆ ಬರುವವರೆಗೆ ಬಿಡುವುದಿಲ್ಲ.

ಕೊನೆಗೆ ರೌಟರಿನ ಅಕ್ಷ. ಮೊನಚಾದ ವಿ-ಬಿಟ್ ಹಾಕಿ, ರೌಟರಿನ ಪ್ಲಗ್ ಕಿತ್ತಿಟ್ಟು, ಬಿಟ್ಟಿನ ತುದಿಯನ್ನು ಟೇಲ್‌ಸ್ಟಾಕಿನ ಮೊನೆಯ ಮೇಲೆ ಇಳಿಸಿ. ಎರಡು ಮೊನೆಗಳು ಸೇರಬೇಕು. ರೌಟರ್ 1 ಮಿ.ಮೀ. ಪಕ್ಕಕ್ಕೆ ಇದ್ದರೂ 60 ಮಿ.ಮೀ. ವ್ಯಾಸದ ಕಂಬದಲ್ಲಿ ತೋಡು ಸುಮಾರು 2 ಡಿಗ್ರಿ ವಾಲುತ್ತದೆ. ತೋಡಿನ ಒಂದು ದಡ ಚೂಪಾಗಿ, ಇನ್ನೊಂದು ಮೊಂಡಾಗಿ ಕಾಣುತ್ತದೆ. ಈ ದೋಷವನ್ನು ಬಿಟ್ಟಿನ ಮೇಲೆ ಹೊರಿಸಿ ಹೊಸ ಬಿಟ್ ಕೊಳ್ಳುವವರು ಅನೇಕರು.

ಹಂತ 6: ಬ್ಯಾಕ್‌ಲ್ಯಾಶ್ ಹುಡುಕುವುದು

ಇಡೀ ದುರಸ್ತಿಯಲ್ಲಿ ಅತಿ ಹೆಚ್ಚು ತಾಳ್ಮೆ ಕೊಡಬೇಕಾದ ಹಂತ ಇದು. ಹಿಡಿಕೆಯ ದಿಕ್ಕು ಬದಲಿಸಿದಾಗ ಕ್ಯಾರೇಜು ತಕ್ಷಣ ಹೊರಡದೆ ಸ್ವಲ್ಪ ತಡಮಾಡುತ್ತದಲ್ಲ, ಆ ವ್ಯರ್ಥ ಚಲನೆಯೇ ಬ್ಯಾಕ್‌ಲ್ಯಾಶ್. ಅದು ಎಷ್ಟಿದೆ, ಎಲ್ಲಿದೆ ಎರಡನ್ನೂ ಒಂದು ಪೆನ್ಸಿಲ್ ತೋರಿಸಿಕೊಡುತ್ತದೆ.

ನೇರವಾದ, ದುಂಡಗಿನ ಕೊಳವೆ ಅಥವಾ ಕಡೆದ ಮರದ ತುಂಡನ್ನು ಕೇಂದ್ರಗಳ ನಡುವೆ ಕೂರಿಸಿ. ಅದರ ಮೇಲೆ ಬಿಳಿ ಕಾಗದವನ್ನು ಒಂದೇ ಸುತ್ತು, ಅಂಚಿಗೆ ಅಂಚು ತಾಗುವಂತೆ ಸುತ್ತಿ ಅಂಟಿಸಿ. ರೌಟರಿನ ಜಾಗದಲ್ಲಿ ಪೆನ್ಸಿಲನ್ನು ಅಲುಗದಂತೆ ಹಿಡಿಸಿ. ಹಗುರವಾದ ಸ್ಪ್ರಿಂಗ್ ಅದನ್ನು ಕಾಗದಕ್ಕೆ ಒತ್ತುತ್ತಿರಲಿ. ಹಿಡಿಕೆ ತಿರುಗಿಸಿ ಇಡೀ ಉದ್ದಕ್ಕೂ ಗೆರೆ ಎಳೆಯಿರಿ. ಪೆನ್ಸಿಲ್ ಎತ್ತದೆ ಹಿಂದಕ್ಕೂ ಬನ್ನಿ. ಕಾಗದ ಬಿಚ್ಚಿ ಮೇಜಿನ ಮೇಲೆ ಹರಡಿ: ಸಮಾನಾಂತರವಾದ ಓರೆ ಗೆರೆಗಳು ಜೋಡಿ ಜೋಡಿಯಾಗಿ ಕಾಣುತ್ತವೆ.

ಈ ಕಾಗದವನ್ನು ಓದುವುದು ಹೀಗೆ. ಜೋಡಿ ಗೆರೆಗಳ ನಡುವಿನ ಅಂತರವನ್ನು ಕಂಬದ ಉದ್ದದ ದಿಕ್ಕಿನಲ್ಲಿ ಅಳೆದರೆ ಅದೇ ಒಟ್ಟು ಬ್ಯಾಕ್‌ಲ್ಯಾಶ್. ಗೆರೆಗಳು ನೇರವಾಗಿದ್ದು ಅಂತರ ಒಂದೇ ಸಮ ಇದ್ದರೆ ನಿಮ್ಮ ಯಂತ್ರ ಆರೋಗ್ಯವಾಗಿದೆ, ಸಡಿಲವನ್ನಷ್ಟೇ ಕಡಿಮೆ ಮಾಡಬೇಕು. ಗೆರೆ ಅಲೆಯಾಗಿದ್ದು, ಮರದ ಸುತ್ತಿಗೊಂದು ಅಲೆ ಬಂದರೆ ತಲೆಯ ಗೇರು ನಡುತಪ್ಪಿ ಕೂತಿದೆ. ಸ್ಕ್ರೂವಿನ ಒಂದೊಂದು ಪಿಚ್ಚಿಗೂ (ಸ್ಕ್ರೂವಿನ ಒಂದು ಸುತ್ತಿಗೆ ಕ್ಯಾರೇಜು ಸರಿಯುವ ದೂರ) ಅಲೆ ಬಂದರೆ ಸ್ಕ್ರೂ ಬಾಗಿದೆ ಅಥವಾ ಅದರ ಗೇರು ನಡುತಪ್ಪಿದೆ. ಒಂದೇ ಕಡೆ ಥಟ್ಟನೆ ಮೆಟ್ಟಿಲಿನಂತೆ ಜಿಗಿದಿದ್ದರೆ ಹಲ್ಲು ಮುರಿದಿರಬಹುದು, ಹಲ್ಲಿನ ಸಂದಿನಲ್ಲಿ ಪುಡಿ ಉಳಿದಿರಬಹುದು, ಇಲ್ಲವೇ ಗೇರನ್ನು ದಂಡಕ್ಕೆ ಹಿಡಿದ ತಿರುಪು ಜಾರಿರಬಹುದು. ಕೇಬಲ್ ಯಂತ್ರದಲ್ಲಿ ಗೆರೆ ಆರಂಭದಲ್ಲಿ ಬಾಗಿ ಆಮೇಲೆ ನೇರವಾದರೆ ಕೇಬಲ್ ಸಡಿಲವಾಗಿದೆ. ನಡುವೆ ಓರೆ ಬದಲಾದರೆ ಡ್ರಮ್ಮಿನ ಮೇಲೆ ಕೇಬಲ್ಲು ಒಂದರ ಮೇಲೊಂದು ಏರಿದೆ. ಏರಿದಾಗ ಡ್ರಮ್ಮಿನ ವ್ಯಾಸವೇ ಹೆಚ್ಚಿದಂತಾಗಿ ಲೀಡ್ ಬದಲಾಗುತ್ತದೆ.

ದೋಷ ಗೊತ್ತಾದ ಮೇಲೆ ಸರಿಪಡಿಸುವ ಕ್ರಮ ಮುಖ್ಯ. ಎಲ್ಲರೂ ಮೊದಲು ನಟ್ ಬದಲಿಸುತ್ತಾರೆ, ನಟ್ ಕೊನೆಯದು. ಮೊದಲು ಗೇರುಗಳನ್ನು ದಂಡಕ್ಕೆ ಹಿಡಿದ ತಿರುಪು ಮತ್ತು ಕೀಲಿಗಳನ್ನು ಬಿಗಿ ಮಾಡಿ, ಥ್ರೆಡ್ ಲಾಕರ್ ಹಾಕಿ. ಎರಡನೆಯದು ಗೇರುಗಳ ಹೊಂದಿಕೆ: ಎರಡು ಗೇರುಗಳ ನಡುವೆ ತೆಳುವಾದ ಬರೆಯುವ ಕಾಗದದ ಪಟ್ಟಿ ಇಟ್ಟು, ಒತ್ತಿ ಹಿಡಿದು ಬೋಲ್ಟ್ ಬಿಗಿಯಿರಿ, ಬಳಿಕ ಹಿಡಿಕೆ ತಿರುಗಿಸಿ ಕಾಗದವನ್ನು ಹೊರಗೆ ಉರುಳಿಸಿ. ಹಲ್ಲುಗಳ ನಡುವೆ ಬೇಕಾದಷ್ಟೇ ಸಂದು ಉಳಿಯುತ್ತದೆ. ಸಂದೇ ಇಲ್ಲದಂತೆ ಬಿಗಿದ ಗೇರು ಕಿರುಗುಟ್ಟುತ್ತದೆ, ಬೇಗ ಸವೆಯುತ್ತದೆ.

ಮೂರನೆಯದನ್ನು ಬಹಳ ಮಂದಿ ನೋಡುವುದೇ ಇಲ್ಲ: ಸ್ಕ್ರೂ ತಾನೇ ಉದ್ದಕ್ಕೆ ಹಿಂದೆ ಮುಂದೆ ಜಾರುವುದು. ಡಯಲ್ ಗೇಜಿನ ಮೊನೆಯನ್ನು ಸ್ಕ್ರೂವಿನ ತುದಿಗೆ ತಾಗಿಸಿ ಕ್ಯಾರೇಜನ್ನು ಕೈಯಿಂದ ಎಳೆದು ತಳ್ಳಿ. ಮುಳ್ಳು ಆಡಿದಷ್ಟೂ ಸಡಿಲ ಸ್ಕ್ರೂವಿನ ಬೇರಿಂಗಿನಲ್ಲಿದೆ. ಅಲ್ಲೊಂದು ತೆಳು ವಾಷರ್ ಸೇರಿಸಿದರೆ ಎಷ್ಟೋ ಯಂತ್ರಗಳಲ್ಲಿ ಅರ್ಧ ಸಮಸ್ಯೆ ತೀರುತ್ತದೆ.

ಇಷ್ಟಾದ ಮೇಲೂ ಉಳಿದರೆ ನಟ್. ಇಂಚಿನ ಯಂತ್ರಗಳಲ್ಲಿ ಇರುವ ಆಕ್ಮೆ ಸ್ಕ್ರೂವಿನ ಹಲ್ಲಿನ ಕೋನ 29 ಡಿಗ್ರಿ; ಮಿಲಿಮೀಟರ್ ಟ್ರಪೀಜಿಯಂ ಸ್ಕ್ರೂವಿನದು 30 ಡಿಗ್ರಿ. ಹತ್ತಿರವಿದ್ದರೂ ಒಂದರ ನಟ್ ಇನ್ನೊಂದಕ್ಕೆ ಆಗದು, ಪಿಚ್ಚೂ ಬೇರೆ. ಕಂಚಿನ ಅಥವಾ ಅಸಿಟಾಲ್ ಪ್ಲಾಸ್ಟಿಕ್ಕಿನ ನಟ್ಟುಗಳನ್ನು ಎರಡಾಗಿ ಮಾಡಿ, ನಡುವೆ ಸ್ಪ್ರಿಂಗ್ ಇಟ್ಟರೆ ಸಡಿಲ ತಾನಾಗಿ ತುಂಬಿಕೊಳ್ಳುತ್ತದೆ. ಅಸಿಟಾಲನ್ನು ಕಾಯಿಸಿ ಸ್ಕ್ರೂವಿನ ಮೇಲೆಯೇ ಒತ್ತಿ ಅಚ್ಚು ತೆಗೆಯುವ ವಿಧಾನವೂ ಇದೆ. ಅತಿಯಾಗಿ ಕಾಯಿಸಿದರೆ ಫಾರ್ಮಾಲ್ಡಿಹೈಡ್ ಅನಿಲ ಬಿಡುವುದರಿಂದ ಗಾಳಿಯಾಡುವ ಕಡೆ ಮಾಡಿ.

ಕೇಬಲ್ ಯಂತ್ರಕ್ಕೆ ಕೇಬಲ್ ಬದಲಿಸುವಾಗ 7×19 ಹೆಣಿಗೆಯದನ್ನು (ತಲಾ 19 ತಂತಿಗಳ 7 ಎಳೆ) ಆರಿಸಿ. 7×7ಕ್ಕಿಂತ ಅದು ಮೆತ್ತಗೆ ಬಾಗುತ್ತದೆ, ಸಣ್ಣ ಡ್ರಮ್ಮಿನ ಮೇಲೆ ಬೇಗ ಎಳೆ ಬಿಡುವುದಿಲ್ಲ. ಒಮ್ಮೆ ಮಡಿಕೆ ಬಿದ್ದ ಕೇಬಲ್ ಮತ್ತೆ ನೇರವಾಗದು.

ಒಟ್ಟು ಬ್ಯಾಕ್‌ಲ್ಯಾಶ್ 0.2 ಮಿ.ಮೀ. ಸುತ್ತಮುತ್ತ ಬಂದರೆ ಮರಕ್ಕೆ ಸಾಕು. ಪೂರ್ತಿ ಸೊನ್ನೆ ಮಾಡಲು ಹೋಗಿ ಯಂತ್ರವನ್ನು ಬಿಗಿಸಬೇಡಿ. ಕೊರೆಯುವಾಗ ಯಾವಾಗಲೂ ಒಂದೇ ದಿಕ್ಕಿನಲ್ಲಿ ಕೊರೆದು, ಹಿಂದಿರುಗುವಾಗ ಬಿಟ್ ಎತ್ತಿಕೊಂಡು ಬಂದರೆ ಉಳಿದ ಸಡಿಲ ಕೆಲಸದಲ್ಲಿ ಕಾಣುವುದೇ ಇಲ್ಲ.

ಹಂತ 7: ಕಾಣೆಯಾದ ಗೇರುಗಳು

ಲೆಕ್ಕ ಸುಲಭ. ಸ್ಕ್ರೂವಿನ ಪಿಚ್ 5 ಮಿ.ಮೀ., ಮರದ ಕಡೆಯ ಗೇರಿಗೆ 80 ಹಲ್ಲು, ಸ್ಕ್ರೂ ಕಡೆಯದಕ್ಕೆ 20 ಹಲ್ಲು ಎಂದುಕೊಳ್ಳಿ. ಮರ ಒಂದು ಸುತ್ತು ತಿರುಗಿದಾಗ ಸ್ಕ್ರೂ 4 ಸುತ್ತು ತಿರುಗುತ್ತದೆ, ಲೀಡ್ 20 ಮಿ.ಮೀ. ಬೇಕಾದ ಲೀಡಿನಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಬೇಕಾದ ಹಲ್ಲುಗಳು ಸಿಗುತ್ತವೆ.

ತಪ್ಪುವುದು ಹಲ್ಲಿನ ಗಾತ್ರದಲ್ಲಿ. ಇಂಚಿನ ಗೇರುಗಳನ್ನು ಡಯಾಮೆಟ್ರಲ್ ಪಿಚ್‌ನಲ್ಲಿ, ಮಿಲಿಮೀಟರ್ ಗೇರುಗಳನ್ನು ಮಾಡ್ಯೂಲ್‌ನಲ್ಲಿ ಹೇಳುತ್ತಾರೆ. ಹಲ್ಲುಗಳ ಸಂಖ್ಯೆಗೆ 2 ಸೇರಿಸಿ, ಇಂಚಿನಲ್ಲಿ ಅಳೆದ ಹೊರವ್ಯಾಸದಿಂದ ಭಾಗಿಸಿದರೆ ಡಯಾಮೆಟ್ರಲ್ ಪಿಚ್. 40 ಹಲ್ಲಿನ ಗೇರಿನ ಹೊರವ್ಯಾಸ 2.1 ಇಂಚು ಇದ್ದರೆ ಪಿಚ್ 20. ಇದು ಮಾಡ್ಯೂಲ್ 1.27ಕ್ಕೆ ಸಮ, 1.25ಕ್ಕೆ ಅಲ್ಲ. 40 ಹಲ್ಲಿನ ಇವೆರಡು ಗೇರುಗಳು ಪಕ್ಕಪಕ್ಕ ಇಟ್ಟರೆ ಒಂದೇ ಎನಿಸುತ್ತವೆ: ಒಂದರ ಹೊರವ್ಯಾಸ 53.34, ಇನ್ನೊಂದರದು 52.5 ಮಿ.ಮೀ. ಬೆರೆಸಿದರೆ ಹಲ್ಲು ಕಡಿಯುತ್ತದೆ. ಹಲ್ಲಿನ ಒತ್ತುಕೋನ (ಹಲ್ಲಿನ ಬದಿಯ ಓರೆ) 14.5 ಅಥವಾ 20 ಡಿಗ್ರಿ ಎಂಬುದನ್ನೂ ನೋಡಿಕೊಳ್ಳಿ.

ಕೈಯಲ್ಲಿ ತಿರುಗಿಸುವ ಯಂತ್ರಕ್ಕೆ 3ಡಿ ಮುದ್ರಣದ ಗೇರು ಚೆನ್ನಾಗಿಯೇ ನಡೆಯುತ್ತದೆ. ಇನ್ನೊಂದು ವಿಷಯ: ಲೀಡ್ ಉದ್ದವಾದಷ್ಟೂ ಮರದ ಕಡೆಯಿಂದ ತಿರುಗಿಸುವುದು ಕಷ್ಟ. 5 ಮಿ.ಮೀ. ಪಿಚ್ಚಿನ ಸ್ಕ್ರೂವಿನಲ್ಲಿ 100 ಮಿ.ಮೀ. ಲೀಡ್ ಬೇಕೆಂದರೆ ಮರದ ಒಂದು ಸುತ್ತಿಗೆ ಸ್ಕ್ರೂ 20 ಸುತ್ತು ತಿರುಗಬೇಕು. ಹಿಡಿಕೆ ಕಲ್ಲಾಗುತ್ತದೆ, ಹಲ್ಲು ಮುರಿಯುತ್ತದೆ. ಉದ್ದ ಲೀಡಿಗೆ ಹಿಡಿಕೆಯನ್ನು ಸ್ಕ್ರೂವಿಗೆ ಹಾಕಿ ಅಲ್ಲಿಂದ ನಡೆಸಿ.

ಹಂತ 8: ರೌಟರ್ ಕೂರಿಸುವುದು

ಯಂತ್ರದೊಂದಿಗೆ ಬಂದ ಹಳೆಯ ರೌಟರನ್ನು ಪ್ಲಗ್ಗಿಗೆ ಹಾಕುವ ಮೊದಲು ನಾಮಫಲಕ ಓದಿ. 120 ವೋಲ್ಟಿನದನ್ನು 230 ವೋಲ್ಟಿಗೆ ನೇರವಾಗಿ ಕೊಟ್ಟರೆ ಸುಟ್ಟುಹೋಗುತ್ತದೆ, ಟ್ರಾನ್ಸ್‌ಫಾರ್ಮರ್ ಬೇಕು. ವೈರಿನ ರಬ್ಬರ್ ಬಿರಿದಿದ್ದರೆ ಮೊದಲು ಅದನ್ನು ಬದಲಿಸಿ.

ಹೊಸ ರೌಟರಿಗೆ ವೇಗ ನಿಯಂತ್ರಣ ಇರಲೇಬೇಕು. ಸುಮಾರು 25 ಮಿ.ಮೀ. ವ್ಯಾಸದ ಬಿಟ್ಟಿಗೆ ನಿಮಿಷಕ್ಕೆ 18,000 ಸುತ್ತು, 50 ಮಿ.ಮೀ. ಮೀರಿದ ಬಿಟ್ಟಿಗೆ 12,000ದ ಒಳಗೆ ಇರಲಿ. ಬಿಟ್ಟಿನ ಮೇಲೆ ಬರೆದ ಗರಿಷ್ಠ ವೇಗವನ್ನು ಎಂದೂ ಮೀರಬೇಡಿ. 12.7 ಮಿ.ಮೀ. ಕಾಲೆಟ್ಟಿನಲ್ಲಿ (ಬಿಟ್ ಹಿಡಿಯುವ ಬಾಯಲ್ಲಿ) 12 ಮಿ.ಮೀ. ಕಾಂಡದ ಬಿಟ್ ಬಿಗಿಯಾದಂತೆ ತೋರುತ್ತದೆ, ಆದರೆ ಓಡುವಾಗ ಜಾರಿ ಹೊರಬರುತ್ತದೆ. ಬಿಟ್ಟನ್ನು ತಳ ಮುಟ್ಟಿಸಿ, 2-3 ಮಿ.ಮೀ. ಮೇಲೆ ಎಳೆದು ಬಿಗಿಯಿರಿ. ಹೊಸ ರೌಟರ್ ಹಳೆಯದಕ್ಕಿಂತ ಭಾರವಾಗಿದ್ದರೆ ಕ್ಯಾರೇಜು ಬಾಗುತ್ತದೆ. ಕೂರಿಸಿದ ಮೇಲೆ ಐದನೆಯ ಹಂತದ ಮೊನೆ ಪರೀಕ್ಷೆ ಮತ್ತೆ ಮಾಡಿ.

ಹಂತ 9: ಮೊದಲ ಕಂಬ

ಒಣಗಿದ, ನಾರು ನೇರವಾಗಿರುವ, ಗಂಟಿಲ್ಲದ ಮರ ಆರಿಸಿ. ಗುರುತು ಹಾಕುವಾಗ ಎಳೆಗಳು ಹಿಡಿಸುತ್ತವೆಯೇ ಎಂದು ಮೊದಲೇ ಲೆಕ್ಕ ಹಾಕಿ. 60 ಮಿ.ಮೀ. ವ್ಯಾಸ, 150 ಮಿ.ಮೀ. ಲೀಡ್, 4 ಎಳೆ ಎಂದರೆ ಪಕ್ಕಪಕ್ಕದ ತೋಡುಗಳ ನಡುಗೆರೆಗಳ ಅಂತರ ಕಂಬದ ಉದ್ದಕ್ಕೆ 37.5 ಮಿ.ಮೀ. ತೋಡು ಓರೆಯಾಗಿ ಹೋಗುವುದರಿಂದ 19 ಮಿ.ಮೀ. ಅಗಲದ ಬಿಟ್ ಉದ್ದದ ದಿಕ್ಕಿನಲ್ಲಿ ಸುಮಾರು 24 ಮಿ.ಮೀ. ತಿನ್ನುತ್ತದೆ. ತೋಡುಗಳ ನಡುವೆ ಉಳಿಯುವ ಏಣು 13 ಮಿ.ಮೀ. ಇದನ್ನು ಲೆಕ್ಕಿಸದೆ ಬಿಟ್ ಅಗಲವನ್ನಷ್ಟೇ ನೋಡಿದವರ ಕಂಬದಲ್ಲಿ ಏಣು ನಿರೀಕ್ಷೆಗಿಂತ ತೆಳುವಾಗಿ ಉದುರುತ್ತದೆ.

ಒಂದು ಸಲಕ್ಕೆ 2-3 ಮಿ.ಮೀ. ಆಳಕ್ಕಿಂತ ಹೆಚ್ಚು ಬೇಡ. ಎಲ್ಲ ಎಳೆಗಳನ್ನೂ ಒಂದೇ ಆಳಕ್ಕೆ ಮುಗಿಸಿ, ಆಮೇಲೆ ಆಳ ಹೆಚ್ಚಿಸಿ. ಕೊನೆಯ ಸುತ್ತಿಗೆ ಅರ್ಧ ಮಿಲಿಮೀಟರ್ ಉಳಿಸಿಕೊಂಡು, ಹಿಡಿಕೆಯನ್ನು ನಿಧಾನವಾಗಿ ಆದರೆ ನಿಲ್ಲಿಸದೆ ತಿರುಗಿಸಿ. ನಿಂತ ಕಡೆ ಸುಟ್ಟ ಕಲೆ ಬೀಳುತ್ತದೆ. ಹೊಗೆಯ ವಾಸನೆ ಬಂದರೆ ಬಿಟ್ ಮೊಂಡಾಗಿದೆ ಅಥವಾ ನೀವು ತೀರ ನಿಧಾನ. ಗುಂಯ್‌ಗುಡುವ ಸದ್ದಿನೊಂದಿಗೆ ತೋಡಿನ ತಳದಲ್ಲಿ ಸಣ್ಣ ಏರಿಳಿತ ಕಂಡರೆ ಮರ ಅದುರುತ್ತಿದೆ: ಟೇಲ್‌ಸ್ಟಾಕ್ ಬಿಗಿ ನೋಡಿ, ಆಳ ಕಡಿಮೆ ಮಾಡಿ.

ಕೂದಲು, ಸಡಿಲ ತೋಳು, ಕೈಗವಸು ಯಾವುದೂ ತಿರುಗುವ ಭಾಗದ ಬಳಿ ಬೇಡ. ಕಣ್ಣು, ಕಿವಿ, ಮೂಗಿಗೆ ರಕ್ಷಣೆ ಇಲ್ಲದೆ ಸ್ವಿಚ್ ಒತ್ತಬೇಡಿ.

ಹಂತ 10: ಮಾರ್ಪಾಡುಗಳು

ಮೊದಲ ಕಂಬ ಸರಿಯಾಗಿ ಬಂದ ಮೇಲೆ ಮಾತ್ರ ಇಲ್ಲಿಗೆ ಬನ್ನಿ. ಮೂಲ ಚೌಕಟ್ಟಿಗೆ ಹೊಸ ತೂತು ಕೊರೆಯದೆ, ಹಿಡಿಕ್ಲಾಂಪು ಅಥವಾ ಇದ್ದ ತೂತುಗಳನ್ನೇ ಬಳಸಿ. ಕಳಚಿದ ಮೂಲ ಭಾಗಗಳಿಗೆ ಎಣ್ಣೆ ಹಚ್ಚಿ ಕಟ್ಟಿಡಿ. ಸಂಗ್ರಹಕಾರರಿಗೆ ಮೂಲ ಭಾಗಗಳಿರುವ ಯಂತ್ರವೇ ಬೇಕು.

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಮಾರ್ಪಾಡು ದೊಡ್ಡ ಇಂಡೆಕ್ಸ್ ತಟ್ಟೆ, ಅಂದರೆ ಮರವನ್ನು ಎಳೆಯಿಂದ ಎಳೆಗೆ ತಿರುಗಿಸಿ ನಿಲ್ಲಿಸಲು ಸುತ್ತಲೂ ಸಮದೂರದಲ್ಲಿ ತೂತುಗಳಿರುವ ತಟ್ಟೆ. 24 ತೂತಿನ ತಟ್ಟೆಯಲ್ಲಿ 2, 3, 4, 6, 8, 12 ಎಳೆಗಳು ಸಾಧ್ಯ, 5 ಆಗದು. 60 ತೂತಿನದರಲ್ಲಿ 5 ಮತ್ತು 10 ಬರುತ್ತವೆ, 8 ಬರುವುದಿಲ್ಲ. ಎರಡು ವೃತ್ತಗಳೂ ಇರಲಿ. ತಟ್ಟೆ ದೊಡ್ಡದಾದಷ್ಟೂ ತೂತಿನ ತಪ್ಪು ಕುಗ್ಗುತ್ತದೆ: 100 ಮಿ.ಮೀ. ತ್ರಿಜ್ಯದಲ್ಲಿ 0.2 ಮಿ.ಮೀ. ತಪ್ಪಿದ ತೂತು, 30 ಮಿ.ಮೀ. ತ್ರಿಜ್ಯದ ಕಂಬದ ಮೇಲೆ 0.06 ಮಿ.ಮೀ. ಮಾತ್ರ. ತಟ್ಟೆ ಗೇರಿಗೂ ಮರಕ್ಕೂ ನಡುವೆ ಇರಬೇಕು. ಗೇರು ಬಿಡಿಸಿ ಮರ ತಿರುಗಿಸಿ ಮತ್ತೆ ಗೇರು ಕೂಡಿಸುವ ಅಡ್ಡದಾರಿಯಲ್ಲಿ ಹಲ್ಲು ಒಂದು ಹೆಚ್ಚು ಕಡಿಮೆ ಕೂತು ಎಳೆ ಬಡಕಲಾಗುತ್ತದೆ. ಆರಂಭದಲ್ಲಿ ಹೇಳಿದ ಬಡಕಲು ಎಳೆಗೆ ಸಾಮಾನ್ಯ ಕಾರಣ ಇದೇ.

ಉದ್ದ, ಸಪೂರ ಕಡ್ಡಿಗಳಿಗೆ ನಡುವೆ ಆಸರೆ ಬೇಕು. ಎರಡು ಬೇರಿಂಗುಗಳ ಮೇಲೆ ಮರ ಒರಗುವಂತೆ ಮಾಡಿದರೆ ಸಾಕು. ಕೊರೆದ ಭಾಗ ಆಸರೆಯ ಮೇಲೆ ಬಾರದಂತೆ ಅದನ್ನು ಬಿಟ್ಟಿನ ಮುಂದೆ ಇಡಿ. ಧೂಳು ಹೀರುವ ಕೊಳವೆಯ ಬಾಯನ್ನು ಕ್ಯಾರೇಜಿಗೇ ಕಟ್ಟಿ, ಅದು ಬಿಟ್ಟಿನ ಜೊತೆ ಸಾಗಲಿ. ಸ್ಕ್ರೂವಿನ ಮೇಲೆ ಪುಡಿ ಬೀಳದಂತೆ ತಗಡಿನ ಮರೆ ಹಾಕಿ. ಸ್ಕ್ರೂವಿಗೆ ಗ್ರೀಸಿಗಿಂತ ಒಣ ಮೇಣ ಲೇಸು, ಪುಡಿ ಅಂಟುವುದಿಲ್ಲ.

ಗೇರುಗಳನ್ನು ತೆಗೆದು ಸ್ಟೆಪ್ಪರ್ ಮೋಟರ್ (ಎಣಿಸಿದ ಹೆಜ್ಜೆಗಳಲ್ಲಿ ತಿರುಗುವ ಮೋಟರು) ಹಾಕುವ ಆಸೆ ಹಲವರಿಗಿದೆ. ಲೆಕ್ಕ ಹೀಗೆ: ಮೋಟರಿನ ಸುತ್ತಿಗೆ 200 ಹೆಜ್ಜೆ, ಅದನ್ನು ನಡೆಸುವ ಡ್ರೈವರಿನಲ್ಲಿ ಪ್ರತಿ ಹೆಜ್ಜೆಗೆ 8 ಮೈಕ್ರೊ-ಹೆಜ್ಜೆ, 6:1 ಗೇರ್‌ಪೆಟ್ಟಿಗೆ ಸೇರಿದರೆ ಮರದ ಸುತ್ತಿಗೆ 9,600 ಹೆಜ್ಜೆ, 60 ಮಿ.ಮೀ. ಕಂಬದ ಮೇಲೆ ಒಂದು ಹೆಜ್ಜೆ ಸುಮಾರು 0.02 ಮಿ.ಮೀ. ಸೂಕ್ಷ್ಮತೆಗೆ ಕೊರತೆಯಿಲ್ಲ, ಅಪಾಯ ಬೇರೆ ಕಡೆ ಇದೆ. ಗೇರಿನ ಯಂತ್ರದಲ್ಲಿ ಬಿಟ್ ಕಚ್ಚಿಕೊಂಡರೆ ಹಿಡಿಕೆ ನಿಲ್ಲುತ್ತದೆ, ಮರ ಮತ್ತು ಕ್ಯಾರೇಜು ಒಟ್ಟಿಗೆ ನಿಲ್ಲುತ್ತವೆ. ಮರಕ್ಕೊಂದು, ಕ್ಯಾರೇಜಿಗೊಂದು ಎಂದು ಎರಡು ಮೋಟರುಗಳಿರುವ ಯಂತ್ರದಲ್ಲಿ ಒಂದು ಹೆಜ್ಜೆ ತಪ್ಪಿದರೂ ಇನ್ನೊಂದು ನಡೆಯುತ್ತಲೇ ಇರುತ್ತದೆ, ಲೀಡ್ ಅಲ್ಲಿಗೇ ಕೆಟ್ಟಿತು. ಆದ್ದರಿಂದ ಬೇಕೆನಿಸಿದ್ದಕ್ಕಿಂತ ಬಲವಾದ ಮೋಟರ್ ಹಾಕಿ, ವೇಗವನ್ನು ಏಕಾಏಕಿ ಏರಿಸದೆ ಮೆಲ್ಲಗೆ ಏರುವಂತೆ ಹೊಂದಿಸಿ, ಸಾಧ್ಯವಾದರೆ ಹೆಜ್ಜೆ ತಪ್ಪಿದ್ದನ್ನು ಗುರುತಿಸಿ ನಿಲ್ಲಿಸುವ ಎನ್‌ಕೋಡರ್ ಮೋಟರನ್ನೇ ಆರಿಸಿ. ತುರ್ತು ನಿಲುಗಡೆಯ ಕೆಂಪು ಗುಂಡಿ ರೌಟರನ್ನೂ ಎರಡು ಮೋಟರುಗಳನ್ನೂ ಒಟ್ಟಿಗೆ ನಿಲ್ಲಿಸಬೇಕು, ಕರೆಂಟು ಹೋಗಿ ಬಂದಾಗ ಯಂತ್ರ ತಾನಾಗಿ ಹೊರಡಬಾರದು. ವೈರಿಂಗ್ ಮುಗಿದ ಮೇಲೆ ಬಿಟ್ ಇಲ್ಲದೆ ಕ್ಯಾರೇಜನ್ನು ಓಡಿಸಿ, ಎರಡೂ ತುದಿಗಳಲ್ಲಿ ಮಿತಿ ಸ್ವಿಚ್ಚುಗಳು ಅದನ್ನು ತಡೆದು ನಿಲ್ಲಿಸುತ್ತವೆಯೇ ಎಂದು ಕೈಯಿಂದ ಒತ್ತಿ ಪರೀಕ್ಷಿಸಿದ ನಂತರವೇ ಮರ ಕೂರಿಸಿ.